ಫಿಟ್ಸ್ ಬಂದ ಹೊತ್ತನ್ನು ಬರೆದಿಡಿ: ನಿದ್ದೆ, ಜೈವಿಕ ಗಡಿಯಾರ ಮತ್ತು ಅಪಸ್ಮಾರ ಕುರಿತು ಮನೆಯವರಿಗೊಂದು ಮಾರ್ಗದರ್ಶಿ

ನನ್ನ ತಮ್ಮನಿಗೆ ಹದಿನೈದು ವರ್ಷವಾಗಿದ್ದಾಗ ಬೆಳಗಿನ ಕಾಫಿ ಲೋಟ ಅವನ ಕೈಯಿಂದ ಆಗಾಗ ಹಾರಿ ಬೀಳುತ್ತಿತ್ತು. ಹಾಸಿಗೆ ಬಿಟ್ಟು ಎದ್ದ ಅರ್ಧ ಗಂಟೆಯೊಳಗೆ ಅವನ ಭುಜಗಳು ಯಾರೋ ಹಿಡಿದು ಜಗ್ಗಿದಂತೆ ಒಮ್ಮೆ ಅದುರುತ್ತಿದ್ದವು, ಕೈಯಲ್ಲಿದ್ದದ್ದು ನೆಲ ಸೇರುತ್ತಿತ್ತು. “ಏನ್ಲಾ, ಒಂದ್ ಲೋಟ ನೆಟ್ಟಗೆ ಹಿಡ್ಕಳಕ್ಕಾಗಲ್ವಾ?” ಎಂದು ಅಮ್ಮ ಗದರುತ್ತಿದ್ದರು. ಆ ವರ್ಷ ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡಿಸಿದರು. ರಾತ್ರಿ ಹತ್ತಕ್ಕೆ ಪರದೆ ಎದ್ದ ನಾಟಕ ಬೆಳಗಿನ ಜಾವ ಗದಾಯುದ್ಧ ಮುಗಿಯುವವರೆಗೂ ನಡೆಯಿತು, ಅವನು ರೆಪ್ಪೆ ಮುಚ್ಚದೆ ಕೂತು ನೋಡಿದ. ಮನೆಗೆ ಬಂದು ಒಂದೇ ಗಂಟೆ ಮಲಗಿ ಎದ್ದವನಿಗೆ ಬಚ್ಚಲುಮನೆಯ ಬಾಗಿಲಲ್ಲಿ ಕೈಕಾಲು ಸೆಟೆದು ಮೂರ್ಛೆ ಬಂತು.

ವೈದ್ಯರ ಬಳಿ ನಾವು ಮೂರ್ಛೆಯನ್ನು ಮಾತ್ರ ವರ್ಣಿಸಿದೆವು. ಲೋಟದ ವಿಷಯ ಯಾರಿಗೂ ಹೇಳಬೇಕೆನಿಸಲಿಲ್ಲ, ನಾಟಕದ ವಿಷಯವಂತೂ ನೆನಪಿಗೇ ಬರಲಿಲ್ಲ. ಹೀಗಾಗಿ ಬೇರೊಂದು ಬಗೆಯ ಫಿಟ್ಸಿಗೆ ಹೊಂದುವ ಮಾತ್ರೆ ಅವನ ಪಾಲಿಗೆ ಬಂತು, ಬೆಳಗಿನ ಅದುರಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು. ಎರಡು ವರ್ಷ ಕಳೆದು ಮೈಸೂರಿನಲ್ಲಿ ನರರೋಗ ತಜ್ಞರೊಬ್ಬರ ಮುಂದೆ ಕೂತಾಗ ಅವರು ಮೊದಲು ಕೇಳಿದ್ದು, “ಎಷ್ಟು ಹೊತ್ತಿನಲ್ಲಿ ಬರುತ್ತದೆ? ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದ?” ಎಂಬ ಎರಡು ಪ್ರಶ್ನೆಗಳನ್ನು. ಕಾಯಿಲೆಯ ಹೆಸರು ತಿಳಿಯಲು ಸ್ಕ್ಯಾನಿಗಿಂತ ಹೆಚ್ಚಾಗಿ ಆ ಎರಡು ಪ್ರಶ್ನೆಗಳ ಉತ್ತರವೇ ನೆರವಾಯಿತು. ಮನೆಯಲ್ಲಿ ಅಪಸ್ಮಾರ ಇರುವವರನ್ನು ನೋಡಿಕೊಳ್ಳುವವರು ಆ ಉತ್ತರಗಳನ್ನು ಹೇಗೆ ಸಿದ್ಧವಾಗಿಟ್ಟುಕೊಳ್ಳಬೇಕು, ಸಿಕ್ಕ ಉತ್ತರದಿಂದ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಇಲ್ಲಿ ಓದಿದ್ದನ್ನು ನಂಬಿ ಯಾರೂ ಒಂದು ಮಾತ್ರೆಯನ್ನೂ ಹೆಚ್ಚು ಕಡಿಮೆ ಮಾಡಬಾರದು.

ಮೊದಲು ತಿಳಿದಿರಬೇಕಾದದ್ದು

ಅಪಸ್ಮಾರಕ್ಕೂ ಹೊತ್ತಿಗೂ ನಂಟಿದೆ ಎಂಬುದು ಹೊಸ ಸಂಗತಿಯಲ್ಲ. ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ 1880ರ ದಶಕದಲ್ಲೇ ತನ್ನ ರೋಗಿಗಳನ್ನು ಹಗಲಿನಲ್ಲಿ ಮಾತ್ರ ಮೂರ್ಛೆ ಬರುವವರು, ರಾತ್ರಿ ಮಾತ್ರ ಬರುವವರು, ಹೊತ್ತುಗೊತ್ತಿಲ್ಲದೆ ಬರುವವರು ಎಂದು ವಿಂಗಡಿಸಿದ್ದ. ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ವಿಧಾನವನ್ನು ಜರ್ಮನಿಯ ಹನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮೇಲೆ, ಗೋವರ್ಸ್ ಕಣ್ಣಳತೆಯಿಂದ ಕಂಡದ್ದನ್ನು ಕಾಗದದ ಮೇಲೆ ನೋಡುವುದು ಸಾಧ್ಯವಾಯಿತು.

ನಾವು ಎಚ್ಚರವಿರುವಾಗ ಮೆದುಳಿನ ಕೋಶಗಳು ಸಂತೆಯ ಜನರಂತೆ ತಮ್ಮ ತಮ್ಮ ಮಾತನ್ನು ತಾವೇ ಆಡುತ್ತಿರುತ್ತವೆ. ನಿದ್ದೆಯ ಮೊದಲ ಹಂತಗಳು ಮತ್ತು ಗಾಢ ನಿದ್ದೆಯಲ್ಲಿ ಅವೇ ಕೋಶಗಳು ಭಜನೆಯ ಮೇಳದಂತೆ ಒಂದೇ ತಾಳಕ್ಕೆ ಸೇರುತ್ತವೆ. ಫಿಟ್ಸ್ ಎಂದರೆ ಅಸಂಖ್ಯ ಕೋಶಗಳು ಒಮ್ಮೆಲೇ ಅತಿಯಾಗಿ ಸಿಡಿಯುವುದಾದ್ದರಿಂದ, ಹೀಗೆ ತಾಳ ಕೂಡಿದ ನಿದ್ದೆ ಅದಕ್ಕೆ ಅನುಕೂಲವಾದ ಹೊತ್ತು. ಕನಸು ಬೀಳುವ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಓಡಾಡುವ ಹಂತದಲ್ಲಿ ಮೇಳ ಮತ್ತೆ ಚದುರುತ್ತದೆ, ಆ ಹಂತದಲ್ಲಿ ಫಿಟ್ಸ್ ಬರುವುದು ಬಹಳ ಅಪರೂಪ. ನಿದ್ದೆಯಿಂದ ಎಚ್ಚರಕ್ಕೆ ದಾಟುವ ಹೊಸಿಲೂ ಕೆಲವರ ಪಾಲಿಗೆ ಅಪಾಯದ ಜಾಗವೇ.

ಇದರ ಜೊತೆಗೆ ದೇಹದೊಳಗೆ ಒಂದು ಗಡಿಯಾರವಿದೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು ಇಪ್ಪತ್ತು ಸಾವಿರ ಕೋಶಗಳ ಚಿಕ್ಕ ಗುಂಪೊಂದು ಕೂತು ದಿನದ ಲಯವನ್ನು ನಡೆಸುತ್ತದೆ. ಇದರ ಸುತ್ತು ಬಹುಪಾಲು ಜನರಲ್ಲಿ ಇಪ್ಪತ್ನಾಲ್ಕು ಗಂಟೆಗಿಂತ ತುಸು ಉದ್ದವಿರುವುದರಿಂದ ಬೆಳಗಿನ ಬೆಳಕು ಅದನ್ನು ದಿನವೂ ಸರಿಪಡಿಸುತ್ತಿರಬೇಕು. ಕತ್ತಲಾದ ಮೇಲೆ ನಿದ್ದೆಗೆ ಅಣಿ ಮಾಡುವ ಹಾರ್ಮೋನು ಮೆಲಟೋನಿನ್ ಏರುವುದು, ಬೆಳಗಿನ ಜಾವದ ಹೊತ್ತಿಗೆ ಮೈಯ ಶಾಖ ಇಳಿದಿರುವುದು, ಎಚ್ಚರವಾಗುವ ಹೊತ್ತಿಗೆ ಮೈಯನ್ನು ಚುರುಕಾಗಿಸುವ ಹಾರ್ಮೋನು ಕಾರ್ಟಿಸಾಲ್ ಮೇಲೇರುವುದು, ಎಲ್ಲವೂ ಈ ಗಡಿಯಾರದ ಆಣತಿಯಂತೆ ನಡೆಯುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ಬಂತು. ಮೆದುಳು ಎಷ್ಟು ಸುಲಭವಾಗಿ ಸಿಡಿಯುತ್ತದೆ ಎಂಬುದೂ ಈ ಲಯದೊಂದಿಗೆ ಏರಿಳಿಯುತ್ತದೆ. ಹಾಗಾಗಿ ಒಬ್ಬ ರೋಗಿಯ ಫಿಟ್ಸ್ ಸಾಮಾನ್ಯವಾಗಿ ಅವನದೇ ಆದ ಒಂದು ಹೊತ್ತಿನ ಸುತ್ತ ಸೇರಿಕೊಳ್ಳುತ್ತದೆ.

ಹೆಜ್ಜೆ ಒಂದು: ಒಂದು ನೋಟ್‌ಬುಕ್ ಇಡಿ

ಮಕ್ಕಳ ನೂರು ಪುಟದ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆಯಬಲ್ಲವರು ಅದರಲ್ಲೇ ಬರೆಯಲಿ, ಆದರೆ ನನ್ನ ಅನುಭವದಲ್ಲಿ ಮಾತ್ರೆ ಡಬ್ಬಿಯ ಪಕ್ಕ ಪೆನ್ನು ಕಟ್ಟಿ ಇಟ್ಟ ಪುಸ್ತಕವೇ ಮನೆಯ ಎಲ್ಲರ ಕೈಗೂ ಸಿಗುತ್ತದೆ. ದಿನಕ್ಕೊಂದು ಸಾಲು ಹಾಕಿ, ರಾತ್ರಿ ಮಲಗಿದ ಹೊತ್ತು, ನಡುವೆ ಎಚ್ಚರವಾದದ್ದು, ಬೆಳಿಗ್ಗೆ ಎದ್ದ ಹೊತ್ತು, ಹಗಲು ನಿದ್ದೆ, ಎರಡೂ ಹೊತ್ತಿನ ಮಾತ್ರೆ ಇವಿಷ್ಟನ್ನು ಗುರುತು ಮಾಡಿ. ಫಿಟ್ಸ್ ಬಂದ ದಿನ ಗಡಿಯಾರದ ಹೊತ್ತನ್ನು ಬರೆಯುವುದರ ಜೊತೆಗೆ, ಅದು ನಿದ್ದೆಗೆ ಜಾರಿ ಎಷ್ಟು ಹೊತ್ತಾದ ಮೇಲೆ ಅಥವಾ ಎದ್ದು ಎಷ್ಟು ಹೊತ್ತಾದ ಮೇಲೆ ಬಂತು ಎಂಬುದನ್ನೂ ಬರೆಯಬೇಕು. ಇದು ಮುಖ್ಯ ಏಕೆಂದರೆ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗಿ ಮಧ್ಯಾಹ್ನ ಎರಡಕ್ಕೆ ಎದ್ದವನಿಗೆ ಎರಡೂವರೆಗೆ ಬಂದ ಫಿಟ್ಸ್ ಗಡಿಯಾರಕ್ಕೆ ಮಧ್ಯಾಹ್ನದ್ದಾದರೂ ಮೆದುಳಿನ ಲೆಕ್ಕದಲ್ಲಿ ಎಚ್ಚರವಾದ ಹೊತ್ತಿನದು.

ಜ್ವರ, ವಾಂತಿ, ತಪ್ಪಿದ ಮಾತ್ರೆ, ಕುಡಿತ, ಹೆಂಗಸರಾದರೆ ಮುಟ್ಟಿನ ದಿನಗಳು, ದೂರದ ಪ್ರಯಾಣ ಇವನ್ನೂ ಪಕ್ಕದಲ್ಲಿ ಬರೆಯಿರಿ. ಹೆಣ್ಣುಮಕ್ಕಳು ಮುಟ್ಟಿನ ವಿಷಯವನ್ನು ವೈದ್ಯರಿಗೆ ಹೇಳಲು ಸಂಕೋಚ ಪಡುವುದುಂಟು, ಕೆಲವರಿಗೆ ಮುಟ್ಟಿಗೆ ಹತ್ತಿರದ ದಿನಗಳಲ್ಲೇ ಫಿಟ್ಸ್ ಹೆಚ್ಚಾಗುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಬೆಳಗಿನ ಅದುರು, ಕೈಯಿಂದ ಜಾರಿದ ಬಾಚಣಿಗೆ, ಬೆಳಿಗ್ಗೆ ಕಚ್ಚಿಕೊಂಡಿದ್ದ ನಾಲಿಗೆ, ಕಾರಣವಿಲ್ಲದೆ ಒದ್ದೆಯಾದ ಹಾಸಿಗೆ, ಎದ್ದಾಗ ಮೈಯೆಲ್ಲ ನೋವು ಇಂಥ ಸಣ್ಣ ಸಂಗತಿಗಳನ್ನು ಬಿಡಬೇಡಿ. ರಾತ್ರಿ ಯಾರೂ ನೋಡದೆ ಬಂದು ಹೋದ ಫಿಟ್ಸಿಗೆ ಅವೇ ಸಾಕ್ಷಿ. ಸಾಧ್ಯವಾದರೆ ಒಬ್ಬರು ರೋಗಿಯನ್ನು ನೋಡಿಕೊಳ್ಳುತ್ತಿರುವಾಗ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ವೈದ್ಯರಿಗೆ ನಮ್ಮ ವರ್ಣನೆಗಿಂತ ಅರ್ಧ ನಿಮಿಷದ ವಿಡಿಯೊ ಹೆಚ್ಚು ಹೇಳುತ್ತದೆ.

ಅಮಾವಾಸ್ಯೆ ಹುಣ್ಣಿಮೆಗೆ ಬರುತ್ತದೆ ಎಂಬ ಮಾತು ನಮ್ಮ ಕಡೆ ಬಲವಾಗಿದೆ. ನಮ್ಮ ಮನೆಯಲ್ಲೂ ಅಜ್ಜಿ ಪಂಚಾಂಗ ನೋಡಿಯೇ ತಾಯತ ಕಟ್ಟಿಸಿದ್ದರು. ಪುಸ್ತಕ ಇಟ್ಟ ಮೇಲೆ ನಾನು ಎಲ್ಲ ದಿನಾಂಕಗಳನ್ನೂ ಪಂಚಾಂಗದೊಂದಿಗೆ ಹೋಲಿಸಿ ನೋಡಿದೆ, ಅಮಾವಾಸ್ಯೆಗೂ ಅವನ ಫಿಟ್ಸಿಗೂ ಸಂಬಂಧ ಕಾಣಲಿಲ್ಲ. ಆದರೆ ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಮೆದುಳಿನೊಳಗೆ ಅಳವಡಿಸಿದ ಉಪಕರಣಗಳಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ದಾಖಲೆ ತೆಗೆದ ಸಂಶೋಧಕರಿಗೆ, ದಿನದ ಲಯದ ಮೇಲೆ ಹಲವು ದಿನಗಳ, ಕೆಲವರಲ್ಲಿ ಹಲವು ವಾರಗಳ ಇನ್ನೊಂದು ಲಯವೂ ಕಂಡಿದೆ. ಅದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಚಂದ್ರನಿಗೆ ಕಟ್ಟುಬಿದ್ದದ್ದಲ್ಲ. ಎರಡು ಮೂರು ತಿಂಗಳು ತಪ್ಪದೆ ಬರೆದ ಪುಸ್ತಕದಲ್ಲಿ ನಿಮ್ಮವರ ಲಯದ ಒಂದು ಅಂದಾಜು ಸಿಗಬಹುದು.

ಹೆಜ್ಜೆ ಎರಡು: ಹೊತ್ತು ಏನು ಹೇಳುತ್ತಿದೆ ನೋಡಿ

ಕಾಯಿಲೆಗೆ ಹೆಸರಿಡುವ ಕೆಲಸ ವೈದ್ಯರದು. ಆದರೂ ಅವರು ಏಕೆ ಹೊತ್ತು ಕೇಳುತ್ತಾರೆ ಎಂಬುದು ಗೊತ್ತಿದ್ದರೆ ಉತ್ತರ ಹೇಳುವುದು ಸುಲಭ.

ಹದಿಹರೆಯದಲ್ಲಿ ಶುರುವಾಗಿ, ಎದ್ದ ಮೊದಲ ಒಂದು ಗಂಟೆಯೊಳಗೆ ತೋಳು ಭುಜಗಳು ಅದುರುವುದು, ನಿದ್ದೆಗೆಟ್ಟ ಮರುದಿನ ದೊಡ್ಡ ಫಿಟ್ಸ್ ಬರುವುದು ಒಂದು ಬಗೆ. ನನ್ನ ತಮ್ಮನದು ಇದೇ. ಹರೆಯದ ಮಯೋಕ್ಲೋನಿಕ್ ಅಪಸ್ಮಾರ ಎಂದು ಕರೆಯುವ ಇದನ್ನು ಜರ್ಮನಿಯ ಡೀಟರ್ ಯಾನ್ಸ್ 1957ರಲ್ಲಿ ವಿವರವಾಗಿ ಬರೆದಿಟ್ಟರು. ಬೇರೆ ಬಗೆಗಳಿಗೆ ಒಳ್ಳೆಯದಾದ ಕಾರ್ಬಮಜೆಪಿನ್‌ನಂಥ ಮಾತ್ರೆ ಇದರಲ್ಲಿ ಅದುರಾಟವನ್ನು ಹೆಚ್ಚಿಸಬಲ್ಲದು. ಆದ್ದರಿಂದಲೇ ಬೀಳುವ ಲೋಟದ ಸುದ್ದಿ ವೈದ್ಯರ ಕಿವಿಗೆ ಬೀಳಬೇಕಾದದ್ದು.

ಶಾಲೆಗೆ ಹೋಗುವ ಮಗುವಿಗೆ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಅಥವಾ ಏಳುವ ಮುಂಚೆ ಬಾಯಿಯ ಒಂದು ಮೂಲೆ ಸೊಟ್ಟಗಾಗಿ, ಜೊಲ್ಲು ಸುರಿದು, ಮಾತು ಹೊರಡದೆ ಗೊರಗೊರ ಸದ್ದಾಗುವುದು ಇನ್ನೊಂದು ಬಗೆ. ನೋಡುವವರಿಗೆ ಎದೆ ಒಡೆಯುವಂತಿದ್ದರೂ ಈ ಬಗೆಯದು ಹದಿಹರೆಯ ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ತಾನಾಗಿಯೇ ಬಿಟ್ಟುಹೋಗುತ್ತದೆ. ಮೆದುಳಿನ ಮುಂಭಾಗದಿಂದ ಹುಟ್ಟುವ ಫಿಟ್ಸ್ ಹೆಚ್ಚಾಗಿ ನಿದ್ದೆಯಲ್ಲಿ ಬರುತ್ತದೆ, ಕಿವಿಯ ಪಕ್ಕದ ಭಾಗದಿಂದ ಹುಟ್ಟುವುದು ಹಗಲಿನಲ್ಲಿ, ಅದರಲ್ಲೂ ಮಧ್ಯಾಹ್ನದ ನಂತರ ಹೆಚ್ಚು ಕಾಣುತ್ತದೆ.

ಮೈಸೂರಿನವರು ವಿಶೇಷವಾಗಿ ತಿಳಿದಿರಬೇಕಾದ ಒಂದು ಸ್ಥಿತಿಯಿದೆ. ಚೆನ್ನಾಗಿ ಮಾತಾಡುತ್ತಿದ್ದ ಮಗು ಕೆಲವು ವಾರ ತಿಂಗಳುಗಳಲ್ಲಿ ಮಾತು ಕಳೆದುಕೊಳ್ಳುತ್ತದೆ, ಕರೆದರೆ ಕಿವಿ ಕೇಳದವರಂತೆ ಇರುತ್ತದೆ. ತಂದೆತಾಯಿ ಸಹಜವಾಗಿಯೇ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುತ್ತಾರೆ, ಅದು ಸರಿಯಾದ ಜಾಗವೇ. ಇಂಥ ಮಕ್ಕಳಲ್ಲಿ ಕೆಲವರಿಗೆ ಹಗಲಿನಲ್ಲಿ ಫಿಟ್ಸ್ ಕಾಣದಿದ್ದರೂ ನಿದ್ದೆಯುದ್ದಕ್ಕೂ ಮೆದುಳಿನಲ್ಲಿ ಸಿಡಿತ ನಡೆಯುತ್ತಿರುತ್ತದೆ. ಈ ಸ್ಥಿತಿಯನ್ನು ಲ್ಯಾಂಡೋ ಮತ್ತು ಕ್ಲೆಫ್ನರ್ ಎಂಬವರು 1957ರಲ್ಲಿ ಗುರುತಿಸಿದರು. ಬಂದ ಮಾತು ಮತ್ತೆ ಹೋದ ಮಗುವಿಗೆ ನಿದ್ದೆಯಲ್ಲಿ ಇಇಜಿ ಮಾಡಿಸಬೇಕೇ ಎಂದು ಮಕ್ಕಳ ನರರೋಗ ತಜ್ಞರನ್ನು ಕೇಳಲೇಬೇಕು.

ಹೆಜ್ಜೆ ಮೂರು: ರಾತ್ರಿ ಆಗುವುದೆಲ್ಲ ಫಿಟ್ಸ್ ಅಲ್ಲ

ನಿದ್ದೆ ಹತ್ತುವಾಗ ಮೆಟ್ಟಿಲು ತಪ್ಪಿದಂತಾಗಿ ಒಮ್ಮೆ ಬೆಚ್ಚುವುದು ಎಲ್ಲರಿಗೂ ಇರುವುದೇ. ಚಿಕ್ಕ ಮಕ್ಕಳು ರಾತ್ರಿಯ ಮೊದಲ ಭಾಗದಲ್ಲಿ ಕಿರುಚಿ ಎದ್ದು ಕೂತು, ಅಮ್ಮನನ್ನೂ ಗುರುತಿಸದೆ ಅತ್ತು, ಬೆಳಿಗ್ಗೆ ಏನೂ ನೆನಪಿಲ್ಲದಂತೆ ಆಡುವುದನ್ನು ಗಾಳಿ ಸೋಕಿದೆ ಎನ್ನುತ್ತಾರೆ, ಬಹುಪಾಲು ಅದು ನಿದ್ದೆಯ ಭಯವೇ ಹೊರತು ಫಿಟ್ಸ್ ಅಲ್ಲ. ವಯಸ್ಸಾದವರು ಕನಸಿನಲ್ಲಿ ಜಗಳವಾಡುತ್ತ ಕೈಕಾಲು ಬೀಸುವುದೂ ಬೇರೆಯೇ ತೊಂದರೆ. ಫಿಟ್ಸ್ ಎಂದು ಅನುಮಾನ ಪಡಬೇಕಾದದ್ದು ಪ್ರತಿ ಸಲವೂ ಅಚ್ಚೊತ್ತಿದಂತೆ ಒಂದೇ ರೀತಿ ನಡೆದಾಗ, ಒಂದೇ ರಾತ್ರಿ ಹಲವು ಬಾರಿ ಮರುಕಳಿಸಿದಾಗ, ಅರ್ಧ ಒಂದು ನಿಮಿಷದಲ್ಲಿ ಶುರುವಾಗಿ ಮುಗಿದಾಗ, ನಾಲಿಗೆಯ ಅಂಚು ಕಚ್ಚಿಕೊಂಡಿದ್ದಾಗ. ಇಲ್ಲೂ ವಿಡಿಯೊ ಕೆಲಸಕ್ಕೆ ಬರುತ್ತದೆ.

ಹೆಜ್ಜೆ ನಾಲ್ಕು: ಇಇಜಿಗೆ ಸಿದ್ಧತೆ

ಮೊದಲು ತೋರಿಸುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ, ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೇ ಆಗಲಿ, ಹತೋಟಿಗೆ ಬರದ ಫಿಟ್ಸಿಗೆ ನರರೋಗ ತಜ್ಞರನ್ನು ಕಾಣುವುದು ಅಗತ್ಯ, ಜಟಿಲವಾದದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಚ್ಚರದಲ್ಲಿ ಮಾಡಿದ ಇಇಜಿಯಲ್ಲಿ ಕಾಣದ್ದು ನಿದ್ದೆಯಲ್ಲಿ ಕಾಣಬಹುದಾದ್ದರಿಂದ ವೈದ್ಯರು ಕೆಲವೊಮ್ಮೆ ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿಸಿ ಬರಹೇಳುತ್ತಾರೆ. ಎಷ್ಟು ಗಂಟೆಗೆ ಮಲಗಬೇಕು, ಎಷ್ಟಕ್ಕೆ ಎಬ್ಬಿಸಬೇಕು, ಬೆಳಗಿನ ಮಾತ್ರೆ ಕೊಡಬೇಕೇ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೇಳದ ಹೊರತು ಮಾತ್ರೆ ನಿಲ್ಲಿಸುವಂತಿಲ್ಲ.

ಆ ರಾತ್ರಿ ಮನೆಯವರೊಬ್ಬರು ರೋಗಿಯ ಜೊತೆ ಎದ್ದಿರಬೇಕು. ಎಚ್ಚರವಿರಲಿ ಎಂದು ಕಾಫಿ ಟೀ ಕೊಡಬೇಡಿ. ತಲೆಗೆ ನೀರು ಹಾಕಿ, ಎಣ್ಣೆ ಸೋಕಿಸದೆ, ಕೂದಲು ಒಣಗಿಸಿ ಕರೆದುಕೊಂಡು ಹೋಗಿ. ಎಣ್ಣೆ ಹಚ್ಚದೆ ಮನೆಯಿಂದ ಹೊರಗೆ ಕಳಿಸಲು ನಮ್ಮ ಅಮ್ಮಂದಿರಿಗೆ ಮನಸ್ಸು ಬರುವುದಿಲ್ಲ, ಆದರೆ ತಲೆಗೆ ಅಂಟಿಸುವ ತಂತಿಗಳು ಎಣ್ಣೆಯ ಮೇಲೆ ನಿಲ್ಲುವುದಿಲ್ಲ. ಹೋಗುವಾಗ ದಾರಿಯಲ್ಲಿ ಕಾರು, ಬಸ್ಸಿನಲ್ಲಿ ಮಗು ತೂಕಡಿಸದಂತೆ ಮಾತಾಡಿಸುತ್ತಿರಿ, ನಿದ್ದೆಯೆಲ್ಲ ದಾರಿಯಲ್ಲೇ ಮುಗಿದರೆ ಪರೀಕ್ಷೆಯ ಕೋಣೆಯಲ್ಲಿ ಬರುವುದಿಲ್ಲ. ನಿದ್ದೆಗೆಟ್ಟ ರೋಗಿ ತಾನೇ ಬೈಕು ಓಡಿಸಿಕೊಂಡು ಬರುವುದಂತೂ ಆಗಲೇಬಾರದು. ಇಇಜಿ ಸರಿಯಿದೆ ಎಂದು ಬಂದ ಮಾತ್ರಕ್ಕೆ ಅಪಸ್ಮಾರ ಇಲ್ಲವೆಂದೂ ಅಲ್ಲ, ಆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮೆದುಳು ಸುಮ್ಮನಿತ್ತು ಎಂದಷ್ಟೇ ಅದರ ಅರ್ಥ.

ಹೆಜ್ಜೆ ಐದು: ಏಳುವ ಹೊತ್ತನ್ನು ಗಟ್ಟಿ ಮಾಡಿ

ಬೇಗ ಮಲಗು ಎಂದು ಹೇಳುವುದಕ್ಕಿಂತ ಒಂದೇ ಹೊತ್ತಿಗೆ ಎಬ್ಬಿಸುವುದು ಸುಲಭ ಮತ್ತು ಪರಿಣಾಮಕಾರಿ. ಭಾನುವಾರವೂ ಸೇರಿದಂತೆ ಅದೇ ಹೊತ್ತಿಗೆ ಎದ್ದು, ಎದ್ದ ಕೂಡಲೇ ಅಂಗಳದ ಬೆಳಕಿಗೆ ಬಂದರೆ ದೇಹದ ಗಡಿಯಾರ ಕೆಲವೇ ವಾರಗಳಲ್ಲಿ ದಾರಿಗೆ ಬಂದು, ರಾತ್ರಿ ನಿದ್ದೆ ತಾನಾಗಿಯೇ ಹೊತ್ತಿಗೆ ಸರಿಯಾಗಿ ಬರತೊಡಗುತ್ತದೆ. ದೊಡ್ಡವರಿಗೆ ಏಳರಿಂದ ಒಂಬತ್ತು ಗಂಟೆ, ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಸಂಜೆಯ ಮೇಲೆ ಕಾಫಿ ಬೇಡ, ಅದರ ಅರ್ಧದಷ್ಟು ಐದಾರು ಗಂಟೆ ಕಳೆದರೂ ಮೈಯಲ್ಲಿ ಉಳಿದಿರುತ್ತದೆ. ಮಲಗುವ ಒಂದು ಗಂಟೆ ಮುಂಚೆ ಮೊಬೈಲು ಪಕ್ಕದ ಕೋಣೆಯಲ್ಲಿ ಇರಲಿ, ಏಕೆಂದರೆ ಅದರ ಬೆಳಕು ಮೆಲಟೋನಿನ್ ಏರದಂತೆ ತಡೆಯುತ್ತದೆ. ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಎಂಬುದು ಅರ್ಧ ಸತ್ಯ. ಕುಡಿದವನ ನಿದ್ದೆ ರಾತ್ರಿಯ ಎರಡನೆಯ ಭಾಗದಲ್ಲಿ ಒಡೆಯುತ್ತದೆ, ಮತ್ತು ಅಮಲು ಇಳಿಯುವ ಹೊತ್ತಿನಲ್ಲೇ ಫಿಟ್ಸಿನ ಅಪಾಯ ಹೆಚ್ಚು.

ಇಷ್ಟು ಹೇಳುವುದು ಸುಲಭ, ನಮ್ಮ ಜಿಲ್ಲೆಯಲ್ಲಿ ಬದುಕುವವರಿಗೆ ಪಾಲಿಸುವುದು ಕಷ್ಟ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಅರ್ಧರಾತ್ರಿ ಕೊಟ್ಟರೆ ಕಬ್ಬಿನ ಗದ್ದೆಗೆ ನೀರು ಕಟ್ಟಲು ಅರ್ಧರಾತ್ರಿಯೇ ಹೋಗಬೇಕು. ಆಲೆಮನೆಯ ಒಲೆ ಹೊತ್ತುಗೊತ್ತು ನೋಡುವುದಿಲ್ಲ. ನಂಜನಗೂಡು, ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳಲ್ಲಿ ಪಾಳಿ ವಾರ ವಾರ ಬದಲಾಗುತ್ತದೆ. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರು ಬೆಳಗಿನ ಜಾವ ಎದ್ದು ರಾತ್ರಿ ಹತ್ತರ ಮೇಲೆ ಮನೆ ಸೇರುತ್ತಾರೆ. ಇಂಥವರಿಗೆ ನನ್ನ ಸಲಹೆ ಇಷ್ಟು: ನೀರು ಕಟ್ಟುವ ಕೆಲಸವನ್ನು ಫಿಟ್ಸ್ ಇರುವವರು ರಾತ್ರಿ ಒಬ್ಬರೇ ಮಾಡಬಾರದು, ನಿದ್ದೆಗೇಡು, ನಾಲೆ, ತೆರೆದ ಬಾವಿ ಮೂರೂ ಒಂದೇ ಕಡೆ ಸೇರುವ ಜಾಗ ಅದು. ಅಣ್ಣತಮ್ಮಂದಿರ ನಡುವೆ ಸರದಿ ಬದಲಿಸಿಕೊಳ್ಳಿ. ಕುದಿಯುವ ಕೊಪ್ಪರಿಗೆಯ ಬಳಿಯ ಕೆಲಸವೂ ಬೇಡ. ಕಾರ್ಖಾನೆಯಲ್ಲಿ ವೈದ್ಯರ ಪತ್ರ ಕೊಟ್ಟು ಹಗಲು ಪಾಳಿಯನ್ನೇ ಕೇಳಿ. ಅದು ಸಿಗದಿದ್ದರೆ, ವಾರ ವಾರ ಬದಲಾಗುವ ಪಾಳಿಗಿಂತ ಬಹುಕಾಲ ಒಂದೇ ಆಗಿರುವ ಪಾಳಿ ಮೇಲು.

ಹಬ್ಬಗಳದು ಇನ್ನೊಂದು ಕಥೆ. ಶಿವರಾತ್ರಿಯ ಜಾಗರಣೆ, ಮೇಲುಕೋಟೆಯ ವೈರಮುಡಿಯ ರಾತ್ರಿ, ದಸರಾ ದೀಪಾಲಂಕಾರ ನೋಡಲು ಬಂದ ನೆಂಟರೊಂದಿಗೆ ಹನ್ನೆರಡರವರೆಗೆ ಸುತ್ತಾಟ, ಮದುವೆಮನೆಯಲ್ಲಿ ರಾತ್ರಿ ಆರತಕ್ಷತೆ ಮುಗಿಸಿ ನಸುಕಿಗೆ ಮುಹೂರ್ತ, ಊರಹಬ್ಬದ ನಾಟಕ. ಇವನ್ನೆಲ್ಲ ಬಿಟ್ಟುಬಿಡು ಎಂದು ಹದಿನೆಂಟರ ಹುಡುಗನಿಗೆ ಹೇಳಿದರೆ ಅವನು ಮನೆಯವರಿಗೆ ತಿಳಿಸದೆ ಹೋಗುತ್ತಾನೆ, ನಮ್ಮಲ್ಲಿ ಹಾಗೆಯೇ ಆಯಿತು. ಈಗ ನಾವು ಮಾಡಿಕೊಂಡಿರುವ ಒಪ್ಪಂದವೆಂದರೆ, ಮಧ್ಯಾಹ್ನ ಒಂದು ನಿದ್ದೆ ತೆಗೆದು ಹೋಗುವುದು, ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡು ಹೊತ್ತಿಗೆ ನುಂಗುವುದು, ಹನ್ನೊಂದಕ್ಕೆ ಮರಳುವುದು. ಮರುದಿನ ಗಾಡಿ ಓಡಿಸುವುದಿಲ್ಲ, ಕೆರೆ ನಾಲೆಗೆ ಇಳಿಯುವುದಿಲ್ಲ. ಉಪವಾಸದ ದಿನವೂ ಮಾತ್ರೆ ತಪ್ಪಬಾರದು. ರಂಜಾನ್ ತಿಂಗಳಲ್ಲಿ ಊಟದ ಹೊತ್ತೂ ನಿದ್ದೆಯ ಹೊತ್ತೂ ಒಟ್ಟಿಗೆ ಬದಲಾಗುವುದರಿಂದ, ಉಪವಾಸ ಮಾಡಬಯಸುವವರು ತಿಂಗಳು ಶುರುವಾಗುವ ಮುಂಚೆಯೇ ವೈದ್ಯರೊಂದಿಗೆ ಮಾತ್ರೆಯ ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕು. ಪಿಯುಸಿ ಪರೀಕ್ಷೆಯ ಮಕ್ಕಳಿಗೂ ಇದೇ ಮಾತು: ರಾತ್ರಿಯಿಡೀ ಓದಿ ಬೆಳಿಗ್ಗೆ ಪರೀಕ್ಷೆ ಕೋಣೆಯಲ್ಲಿ ಬೀಳುವುದಕ್ಕಿಂತ ಒಂದು ಪಾಠ ಬಿಟ್ಟು ಮಲಗುವುದು ಲಾಭ.

ಹೆಜ್ಜೆ ಆರು: ಮಾತ್ರೆಗೂ ಒಂದು ಗಡಿಯಾರ

ಯಳಂದೂರು ಮೈಸೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಆ ತಾಲ್ಲೂಕಿನ ಹಳ್ಳಿಗಳಲ್ಲಿ ಅಪಸ್ಮಾರ ಇರುವವರನ್ನು ಮನೆಮನೆಗೆ ಹೋಗಿ ಹುಡುಕಿದರು. ಆ ರೋಗಿಗಳಿಗೆ ಫಿನೋಬಾರ್ಬಿಟೋನ್, ಫೆನಿಟೋಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದ ಎಷ್ಟು ಹತೋಟಿ ಸಾಧ್ಯ ಎಂಬುದನ್ನು ವರ್ಷಗಟ್ಟಲೆ ಗಮನಿಸಿದ ವರದಿ 2001ರಲ್ಲಿ ಪ್ರಕಟವಾಯಿತು. ಅಷ್ಟು ಸರಳ ಮಾತ್ರೆಗಳೂ ಹಳ್ಳಿಯಲ್ಲಿ ಕೆಲಸ ಮಾಡುತ್ತವೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಿಕ್ಕ ಆಧಾರವದು. ದುಬಾರಿ ಮಾತ್ರೆ ಸಿಗಲಿಲ್ಲ ಎಂದು ಕೊರಗುವವರು, ಇರುವ ಮಾತ್ರೆಯನ್ನು ಹೊತ್ತಿಗೆ ನುಂಗುತ್ತಿದ್ದೇವೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ದಿನಕ್ಕೆ ಎರಡು ಬಾರಿ ಎಂದರೆ ತಿಂಡಿಗೊಂದು ಊಟಕ್ಕೊಂದು ಎಂದಲ್ಲ, ಸುಮಾರು ಹನ್ನೆರಡು ಗಂಟೆಗಳ ಅಂತರ. ಬೆಳಿಗ್ಗೆ ಹತ್ತಕ್ಕೂ ರಾತ್ರಿ ಏಳಕ್ಕೂ ನುಂಗುವವರ ರಕ್ತದಲ್ಲಿ ಔಷಧದ ಮಟ್ಟ ಬೆಳಗಿನ ಜಾವದಲ್ಲೇ, ಅಂದರೆ ಕಾವಲು ಬೇಕಾದ ಹೊತ್ತಿನಲ್ಲೇ, ಇಳಿದಿರುತ್ತದೆ. ನಿಮ್ಮ ಪುಸ್ತಕದಲ್ಲಿ ಫಿಟ್ಸ್ ಎಲ್ಲವೂ ರಾತ್ರಿಯೇ ಬಂದಿದ್ದು ಕಂಡರೆ ವೈದ್ಯರು ದಿನದ ಒಟ್ಟು ಪ್ರಮಾಣವನ್ನು ಹೆಚ್ಚಿಸದೆ ರಾತ್ರಿಯ ಪಾಲನ್ನು ಮಾತ್ರ ಹೆಚ್ಚಿಸಬಹುದು. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಬೇಕು, ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ಎರಡನ್ನೂ ಒಟ್ಟಿಗೆ ನುಂಗಬಾರದು. ನಿಮ್ಮ ಮಾತ್ರೆಗೆ ಈ ನಿಯಮ ಹೇಗೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಮಾತ್ರೆಗಳು ನಿದ್ದೆಯನ್ನೂ ಮುಟ್ಟುತ್ತವೆ. ಫಿನೋಬಾರ್ಬಿಟೋನ್, ಕ್ಲೋಬಜಾಮ್ ತೂಕಡಿಕೆ ತರುತ್ತವೆ, ಲ್ಯಾಮೊಟ್ರಿಜಿನ್ ಕೆಲವರ ನಿದ್ದೆ ಕಸಿಯುತ್ತದೆ, ಲೆವೆಟಿರಾಸಿಟಮ್ ಕೆಲವರನ್ನು ಸಿಡುಕರನ್ನಾಗಿ ಮಾಡುತ್ತದೆ. ತೊಂದರೆ ಕಂಡರೆ ಹೇಳಿ ಬದಲಿಸಿಕೊಳ್ಳಬೇಕೇ ವಿನಾ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸಿದರೆ ಬಿಡುವಿಲ್ಲದೆ ಫಿಟ್ಸ್ ಬರುವ ಅಪಾಯವಿದೆ. ವಾಲ್ಪ್ರೋಯೇಟ್ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಮದುವೆಯ ಮಾತು ಬಂದಾಗಲೇ ವೈದ್ಯರನ್ನು ಕಾಣಬೇಕು, ಅದು ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು. ಔಷಧಿ ಅಂಗಡಿಯಲ್ಲಿ ನಿದ್ದೆ ಮಾತ್ರೆ, ಮೆಲಟೋನಿನ್, ನೋವಿಗೆ ಟ್ರಾಮಡಾಲ್, ನೆಗಡಿಗೆ ತೂಕಡಿಕೆ ತರಿಸುವ ಮಾತ್ರೆ ಇವನ್ನು ಕೇಳಿ ಕೊಳ್ಳಬೇಡಿ, ಟ್ರಾಮಡಾಲ್ ತಾನೇ ಫಿಟ್ಸ್ ತರಿಸಬಲ್ಲದು.

ಹೆಜ್ಜೆ ಏಳು: ಗೊರಕೆಯನ್ನು ಕೇಳಿಸಿಕೊಳ್ಳಿ

ಜೋರು ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು, ಮತ್ತೆ ಉಬ್ಬಸ ಪಟ್ಟು ಎಳೆದುಕೊಳ್ಳುವವರ ನಿದ್ದೆ ರಾತ್ರಿಯಿಡೀ ತುಂಡಾಗುತ್ತಿರುತ್ತದೆ. ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುತ್ತಾರೆ. ಅಪಸ್ಮಾರ ಇರುವವರಲ್ಲಿ ಈ ತೊಂದರೆ ಸಾಮಾನ್ಯ, ಕೆಲವು ಮಾತ್ರೆಗಳಿಂದ ತೂಕ ಹೆಚ್ಚಾದರೆ ಇನ್ನೂ ಹೆಚ್ಚುತ್ತದೆ. ಅದಕ್ಕೆ ಚಿಕಿತ್ಸೆ ಕೊಡಿಸಿದ ಮೇಲೆ ಹಲವರಲ್ಲಿ ಫಿಟ್ಸ್ ಕೂಡ ಇಳಿದಿದೆ. ಹೆಂಡತಿಯೋ ಅಮ್ಮನೋ ಇದನ್ನು ವೈದ್ಯರಿಗೆ ಹೇಳಬೇಕು, ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಗೊತ್ತಿರುವುದಿಲ್ಲ.

ಹೆಜ್ಜೆ ಎಂಟು: ರಾತ್ರಿಯನ್ನು ಸುರಕ್ಷಿತ ಮಾಡಿ

ಹೇಳಲು ಕಷ್ಟವಾದರೂ ಹೇಳಲೇಬೇಕಾದ ವಿಷಯವೊಂದಿದೆ. ಅಪಸ್ಮಾರ ಇರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು, ಬೇರಾವ ಕಾರಣವೂ ಸಿಗದೆ, ಹಠಾತ್ತನೆ ಸಾಯುತ್ತಾರೆ. ಮಕ್ಕಳಲ್ಲಿ ಇದು ಇನ್ನೂ ವಿರಳ. ಹೆಚ್ಚಿನ ಸಾವುಗಳು ಸಂಭವಿಸುವುದು ರಾತ್ರಿ, ಹಾಸಿಗೆಯಲ್ಲಿ, ಬೋರಲಾಗಿ ಮಲಗಿದ ಸ್ಥಿತಿಯಲ್ಲಿ, ಯಾರೂ ಪಕ್ಕದಲ್ಲಿಲ್ಲದಾಗ. ಮೈಯೆಲ್ಲ ಸೆಟೆಯುವ ದೊಡ್ಡ ಫಿಟ್ಸ್ ಮೇಲಿಂದ ಮೇಲೆ ಬರುವವರಿಗೆ ಅಪಾಯ ಹೆಚ್ಚು. ಆದ್ದರಿಂದ ಅಂಥವರನ್ನು ರಾತ್ರಿ ಒಬ್ಬರನ್ನೇ ಕೋಣೆಯಲ್ಲಿ ಬಿಡಬಾರದು. ನೆಲದ ಮೇಲೆ ಚಾಪೆ ಹಾಸಿ ಮಲಗುವ ನಮ್ಮ ಹಳೆಯ ಅಭ್ಯಾಸ ಎತ್ತರದ ಮಂಚಕ್ಕಿಂತ ಒಳ್ಳೆಯದು, ಬಿದ್ದು ಪೆಟ್ಟಾಗುವುದಿಲ್ಲ. ಮುಖ ಹೂತುಹೋಗುವಷ್ಟು ಮೆತ್ತನೆಯ ದಿಂಬು ಬೇಡ. ಒಲೆ, ಸೊಳ್ಳೆಬತ್ತಿ, ದೀಪ ದೂರವಿರಲಿ. ಬಚ್ಚಲುಮನೆಯ ಚಿಲಕವನ್ನು ಒಳಗಿನಿಂದ ಹಾಕದಿರುವ ರೂಢಿ ಮಾಡಿಕೊಳ್ಳಿ, ಬೆಳಿಗ್ಗೆ ಎದ್ದ ಕೂಡಲೇ ಫಿಟ್ಸ್ ಬರುವವರು ಸ್ನಾನವನ್ನು ಒಂದು ಗಂಟೆ ತಡವಾಗಿ ಮಾಡಲಿ. ನಮ್ಮ ಸೀಮೆಯಲ್ಲಿ ಹಂಡೆಯ ಸುಡುನೀರನ್ನು ತಲೆಯ ಮೇಲೆ ಸುರಿದುಕೊಂಡಾಗಲೇ ಫಿಟ್ಸ್ ಬರುವ ಬಗೆಯೂ ಉಂಟು, ಅಂಥವರು ಉಗುರುಬೆಚ್ಚಗಿನ ನೀರನ್ನೇ ಬಳಸಬೇಕು.

ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ, ಕೊರಳ ಗುಂಡಿ ಸಡಿಲಿಸಿ, ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತೂರಿಸುವುದು, ಕೈಕಾಲು ಅದುಮಿ ಹಿಡಿಯುವುದು ಯಾವುದೂ ಬೇಡ. ಬಹುಪಾಲು ಫಿಟ್ಸ್ ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ, ಬೀಗದ ಕೈಗೆ ಸಿಕ್ಕಿರುವ ಕೀರ್ತಿಗೆ ಕಾರಣ ಅದೇ. ಐದು ನಿಮಿಷ ದಾಟಿದರೆ, ಎಚ್ಚರ ಮರಳುವ ಮುಂಚೆ ಇನ್ನೊಂದು ಬಂದರೆ, ನೀರಿನಲ್ಲಿ ಬಂದಿದ್ದರೆ, ಗರ್ಭಿಣಿಗೆ ಬಂದಿದ್ದರೆ ಅಥವಾ ಅದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ. ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದ ನಿಮಿಷಕ್ಕೆ ಬಳಸಿ.

ನಿಂತ ಮೇಲೆ ಅವರು ಗಾಢವಾಗಿ ಮಲಗುತ್ತಾರೆ. ಎಬ್ಬಿಸಿ ಹೆಸರು ಕೇಳಬೇಡಿ, ಪೂರ್ತಿ ಎಚ್ಚರವಾಗುವವರೆಗೆ ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಮಗ್ಗುಲಾಗಿಯೇ ಮಲಗಿಸಿ ಉಸಿರು ಸರಾಗವಾಗಿದೆಯೇ ನೋಡುತ್ತ ಪಕ್ಕದಲ್ಲಿ ಕೂತಿರಿ. ಕೂತಲ್ಲಿಯೇ ನೋಟ್‌ಬುಕ್ ತೆಗೆದು ಬಂದ ಹೊತ್ತು, ನಿಂತ ಹೊತ್ತು, ಹಿಂದಿನ ರಾತ್ರಿ ಮಲಗಿದ ಹೊತ್ತು ಮೂರನ್ನೂ ಬರೆಯಿರಿ, ಬೆಳಗಾದರೆ ಅರ್ಧ ಮರೆತುಹೋಗಿರುತ್ತದೆ.